ಕಿವಿ ಮೇಸ್ತ್ರಿ ಕಿತ್ತ ಏಳು ಟೈಲುಗಳು

ಕೊನೆಯ ಟೈಲು ಕೂರಿಸಿ ಕೈ ತೊಳೆದುಕೊಂಡರೂ ನೆಲದ ಕೆಲಸ ಮುಗಿದ ಲೆಕ್ಕಕ್ಕೆ ಬರುವುದಿಲ್ಲ. ಎರಡು ದಿನ ಒಣಗಲು ಬಿಟ್ಟು ಆಮೇಲೆ ತಟ್ಟಿ ನೋಡಬೇಕು. ಸುತ್ತಿಗೆಯ ಮರದ ಹಿಡಿಯಿಂದ ಒಂದೊಂದೇ ಟೈಲಿನ ನಾಲ್ಕು ಮೂಲೆ, ಒಂದು ನಡುಮಧ್ಯ. ಕೆಳಗೆ ಗಾರೆ ಪೂರ್ತಿ ಕೂತಿದ್ದರೆ ಟಣ್ ಎಂಬ ಚುರುಕಾದ ಸದ್ದು ಬರುತ್ತದೆ. ಎಲ್ಲಾದರೂ ಗಾಳಿ ಉಳಿದಿದ್ದರೆ ಡಬ್ ಎಂದು ಮಂದವಾಗಿ ಬರುತ್ತದೆ. ಡಬ್ ಎಂದ ಟೈಲು ಟೊಳ್ಳು. ಅದರ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡ್ಡ ಗೀಟು ಎಳೆಯುತ್ತಾರೆ. ಗೀಟು ಬಿದ್ದ ಟೈಲನ್ನು ಹಾಕಿದವನೇ ಕೀಳಬೇಕು, ಹಾಕಿದವನೇ ಮತ್ತೆ ಕೂರಿಸಬೇಕು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಆದರೆ ಮೀರಿದವರನ್ನೂ ಯಾರೂ ನೋಡಿಲ್ಲ.

ಈ ಕಥೆ ನಡೆದ ಕಟ್ಟಡದಲ್ಲಿ ತಟ್ಟುವವರು ನಮ್ಮ ಮೇಸ್ತ್ರಿ. ಅವರಿಗೆ ತಂದೆ ತಾಯಿ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಉಳಿದವರ ಬಾಯಲ್ಲಿ ಅವರು ಕಿವಿ ಮೇಸ್ತ್ರಿ. ಬೇರೆಯವರು ಬಗ್ಗಿ ತಟ್ಟಿ ಕಿವಿಗೊಟ್ಟು ಕೇಳುವುದನ್ನು ಇವರು ನಿಂತೇ ಕೇಳುತ್ತಿದ್ದರು. ಯಾರೋ ಚಪ್ಪಲಿ ಹಾಕಿಕೊಂಡು ನೆಲದ ಮೇಲೆ ನಡೆದುಹೋದರೆ ಸಾಕು, "ಆ ಮೂರನೇ ಸಾಲಲ್ಲಿ ಒಂದು ಟೊಳ್ಳಿದೆ ನೋಡಿ" ಅನ್ನುತ್ತಿದ್ದರು. ಕಿತ್ತು ನೋಡಿದರೆ ಅಂಗೈಯಗಲ ಖಾಲಿ ಜಾಗ ಇರುತ್ತಿತ್ತು. ಇಂಥವರ ಬಗ್ಗೆ ಕಥೆ ಕಟ್ಟಲು ಕೆಲಸಗಾರರಿಗೆ ಹೇಳಿಕೊಡಬೇಕೇ? ಮೇಸ್ತ್ರಿ ಮದುವೆಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಮುಖ ನೋಡುವ ಮೊದಲು ಆ ಮನೆಯ ನೆಲ ತಟ್ಟಿ ನೋಡಿದ್ದರಂತೆ ಎಂದು ನಗುತ್ತಿದ್ದರು. ಅವರ ಹೆಂಡತಿ ಇದು ಸುಳ್ಳು ಎಂದು ಒಂದು ದಿನವೂ ಹೇಳಲಿಲ್ಲ.

ಹೆಂಡತಿಯೂ ಅದೇ ಕೆಲಸದವಳು. ಗಂಡಸರು ಟೈಲು ಹಾಕಿ ಎದ್ದ ಮೇಲೆ ಸಂದುಗಳಿಗೆ ಬಿಳಿ ಸಿಮೆಂಟ್ ತುಂಬಿ ಒರೆಸುವುದು ಹೆಂಗಸರ ಪಾಲು. ಇಡೀ ದಿನ ಸೊಂಟ ಬಗ್ಗಿಸಿಯೇ ಇರಬೇಕು. ಸಂಜೆ ನೆಟ್ಟಗೆ ನಿಲ್ಲಲು ಆಕೆಗೆ ಒಂದು ಕಂಬವೋ ಗೋಡೆಯೋ ಬೇಕಾಗುತ್ತಿತ್ತು. ಆಕೆಯ ತಮ್ಮ ಹದಿನೆಂಟು ವರ್ಷಕ್ಕೆ ಕೆಲಸ ಕಲಿಯಲು ಬಂದವನು, ಈಗ ಮೂವತ್ತು ದಾಟಿ ಎರಡು ಮಕ್ಕಳ ತಂದೆ. ಕರಣೆ ಹಿಡಿಯುವುದರಿಂದ ಹಿಡಿದು ರಸಮಟ್ಟ ಇಟ್ಟು ನೆಲದ ಮಟ್ಟ ನೋಡುವವರೆಗೆ ಎಲ್ಲವನ್ನೂ ಭಾವನ ಕೈಕೆಳಗೇ ಕಲಿತಿದ್ದ. ಮೇಸ್ತ್ರಿಗೆ ಗಂಡುಮಕ್ಕಳಿರಲಿಲ್ಲ. ಬಾಮೈದನೇ ಮಗನಿದ್ದ ಹಾಗೆ ಎಂದು ಅವರು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಊಟದ ಡಬ್ಬಿ ತೆರೆದಾಗ ಮೊದಲು ಅವನ ಕಡೆಗೇ ತಳ್ಳುತ್ತಿದ್ದರು.

ಮೇಸ್ತ್ರಿಯ ಮಂಡಿಯ ವಿಷಯ ಎಲ್ಲರಿಗೂ ಗೊತ್ತಿತ್ತು. ಇಪ್ಪತ್ತಾರು ವರ್ಷ ಕುಕ್ಕರುಗಾಲಿನಲ್ಲಿ ಕೂತು, ಮಂಡಿಯೂರಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಟೈಲು ಹಾಕಿದವರು. ಮಂಡಿಯ ಮೇಲಿನ ಚರ್ಮ ಗಟ್ಟಿಯಾಗಿ ಕಪ್ಪಗಾಗಿತ್ತು. ಎದ್ದು ನಿಂತರೆ ಲಟಲಟ ಅನ್ನುತ್ತಿತ್ತು. ಕಂಪನಿಯವರು ಮಂಡಿಗೆ ಕಟ್ಟಿಕೊಳ್ಳಲು ಮೆತ್ತೆ ಕೊಟ್ಟಿದ್ದರು. ಮೇಸ್ತ್ರಿ ಅದನ್ನು ಮಧ್ಯಾಹ್ನ ಹತ್ತು ನಿಮಿಷ ಮಲಗುವಾಗ ತಲೆದಿಂಬು ಮಾಡಿಕೊಂಡಿದ್ದರು. "ಮಂಡಿ ನೋಯ್ತಿಲ್ಲ ಅಂದ್ರೆ ಅವನು ಟೈಲ್ಸ್ ಹಾಕೋನೇ ಅಲ್ಲ" ಎಂದು ಅವರು ಎದೆಯುಬ್ಬಿಸಿ ಹೇಳುವಾಗ ಸುತ್ತ ಇದ್ದವರು ಹೌದೌದು ಎನ್ನುತ್ತ ತಮ್ಮ ತಮ್ಮ ಮಂಡಿ ನೀವಿಕೊಳ್ಳುತ್ತಿದ್ದರು. ನೋವನ್ನು ಪದಕದಂತೆ ತೋರಿಸಿಕೊಂಡು ಓಡಾಡುವ ಈ ಚಪಲ ಕಟ್ಟಡದ ಕೆಲಸದವರಿಗೆ ಎಲ್ಲಿಂದ ಬಂತೋ ಕಾಣೆ. ಅದರಿಂದ ಯಾರ ಮಂಡಿಯೂ ಸರಿಹೋದದ್ದಿಲ್ಲ.

ಕಿವಿಯ ವಿಷಯ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಮೇಸ್ತ್ರಿ ಅಂದುಕೊಂಡಿದ್ದರು.

ಟೈಲು ಕತ್ತರಿಸುವ ಮಿಷನ್ ಮೊಳದ ದೂರದಲ್ಲಿ ಕಿರುಚುತ್ತದೆ. ಮುಚ್ಚಿದ ಬಚ್ಚಲುಮನೆಯಲ್ಲಾದರೆ ಆ ಕಿರುಚಾಟ ನಾಲ್ಕು ಗೋಡೆಗೂ ಬಡಿದು ವಾಪಸು ಬರುತ್ತದೆ. ಬಾಮೈದ ಮೊದಲಿನಿಂದಲೂ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಆಮೇಲೆ ಕಂಪನಿ ಕೊಟ್ಟ ದಪ್ಪನೆಯ ಕಿವಿಮುಚ್ಚಳ ಹಾಕಿಕೊಳ್ಳತೊಡಗಿದ. "ಏನೋ, ಹೆಂಡ್ತಿ ಮಾತು ಕೇಳಿಸ್ಬಾರ್ದು ಅಂತ ಈಗಿಂದ್ಲೇ ಅಭ್ಯಾಸಾನಾ?" ಎಂದು ಮೇಸ್ತ್ರಿ ಛೇಡಿಸುತ್ತಿದ್ದರು. ತಮ್ಮ ಕಿವಿಯೇ ತಮ್ಮ ಅನ್ನ, ಅದನ್ನು ಮುಚ್ಚಿಕೊಂಡು ಕೆಲಸ ಮಾಡುವುದೆಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ ಎಂಬುದು ಅವರ ವಾದ. ಸಂಜೆ ಕಿವಿಯೊಳಗೆ ಜೀರುಂಡೆ ಕೂಗಿದಂತಾಗುವುದು, ಬೆಳಿಗ್ಗೆಗೆ ನಿಲ್ಲುವುದು. ಆಮೇಲಾಮೇಲೆ ಬೆಳಿಗ್ಗೆಗೂ ನಿಲ್ಲದಾಯಿತು. ಮೊಬೈಲ್ ಜೇಬಿನಲ್ಲಿ ನಡುಗಿದಾಗಲೇ ಫೋನು ಬಂದದ್ದು ತಿಳಿಯುತ್ತಿತ್ತು. ಜನ ಮಾತಾಡುವುದು ಕೇಳುತ್ತಿತ್ತು, ಏನು ಮಾತಾಡಿದರು ಎಂಬುದು ಮಾತ್ರ ಅರ್ಧಕ್ಕರ್ಧ ತಪ್ಪಿಹೋಗುತ್ತಿತ್ತು. ಆಗ ಮೇಸ್ತ್ರಿ ಎದುರಿನವರ ಮುಖ ನೋಡಿ, ನಕ್ಕರೆ ನಕ್ಕು, ತಲೆಯಾಡಿಸಿದರೆ ತಾವೂ ಆಡಿಸಿ ದಾಟಿಬಿಡುತ್ತಿದ್ದರು. ಒಮ್ಮೆ ಯಾರೋ ತಮ್ಮ ಅತ್ತೆ ಆಸ್ಪತ್ರೆಯಲ್ಲಿದ್ದಾರೆ ಎಂದದ್ದಕ್ಕೆ "ಒಳ್ಳೇದಾಯ್ತು ಬಿಡಿ" ಎಂದಿದ್ದರು. ಅದನ್ನು ಎಲ್ಲರೂ ಹಾಸ್ಯವೆಂದುಕೊಂಡರು, ಮೇಸ್ತ್ರಿಯ ಅದೃಷ್ಟ.

ಕೆಲಸಗಾರರ ಆರೋಗ್ಯ ನೋಡಲು ಆರು ತಿಂಗಳಿಗೊಮ್ಮೆ ಒಂದು ವ್ಯಾನು ಬರುತ್ತಿತ್ತು. ಅದರಲ್ಲಿ ಒಬ್ಬರು ಡಾಕ್ಟರಮ್ಮ, ಕಿವಿ ಪರೀಕ್ಷೆ ಮಾಡುವ ಒಬ್ಬ ಹುಡುಗಿ. ಕಿವಿಗೆ ಯಂತ್ರ ಹಾಕಿ, ಸದ್ದು ಕೇಳಿದಾಗ ಕೈಯೆತ್ತಿ ಎನ್ನುತ್ತಿದ್ದರು. ಮೇಸ್ತ್ರಿ ಕೂತಲ್ಲಿಂದ ಕಿಟಕಿಯ ಗಾಜಿನಲ್ಲಿ ಆ ಹುಡುಗಿಯ ಬೆರಳು ಕಾಣುತ್ತಿತ್ತು. ಬೆರಳು ಗುಂಡಿ ಒತ್ತಿದಾಗಲೆಲ್ಲ ಇವರ ಕೈ ಮೇಲೆ. "ನಿಮ್ಮ ವಯಸ್ಸಿಗೆ ತುಂಬಾ ಚೆನ್ನಾಗಿದೆ" ಎಂದು ಬರೆದು ಕೊಟ್ಟರು. ಮೇಸ್ತ್ರಿ ಆ ಚೀಟಿಯನ್ನು ನಾಲ್ಕು ಜನಕ್ಕೆ ತೋರಿಸಿದರು. ತಾವೇ ಮೋಸ ಮಾಡಿ ಪಡೆದ ಚೀಟಿಯನ್ನು ಕೊನೆಗೆ ತಾವೇ ನಂಬಿಬಿಟ್ಟರು.

ಆ ಕಟ್ಟಡ ಒಂದು ಶಾಲೆಯದು. ಎರಡನೇ ಮಹಡಿಯ ಉದ್ದನೆಯ ಕಾರಿಡಾರನ್ನು ಇಂಜಿನಿಯರ್ ಬಾಮೈದನಿಗೆ ಒಪ್ಪಿಸಿದ್ದರು. ಇದು ಸರಿಯಾಗಿ ಬಂದರೆ ಮುಂದಿನ ಮಹಡಿಯಿಂದ ಅವನೇ ಮೇಸ್ತ್ರಿ, ಅವನದೇ ತಂಡ. ಅವನು ಹದಿನೈದು ದಿನ ಕಣ್ಣಲ್ಲಿ ಕಣ್ಣಿಟ್ಟು ಹಾಕಿದ. ದಾರ ಹಿಡಿದು ನೋಡಿದರೆ ಸಂದುಗಳು ಈ ತುದಿಯಿಂದ ಆ ತುದಿಗೆ ಒಂದೇ ಗೆರೆ.

ಮೇಸ್ತ್ರಿ ತಟ್ಟುತ್ತ ಬಂದರು. ಡಬ್. ಮುಂದಿನದೂ ಡಬ್. ಅವರ ಹುಬ್ಬು ಗಂಟಾಯಿತು. ಗೀಟು ಎಳೆದರು. ಅರ್ಧ ಕಾರಿಡಾರು ದಾಟುವಷ್ಟರಲ್ಲಿ ನಲವತ್ತೊಂದು ಗೀಟು. ಟೈಲು ಹಾಕುವವರು, ಗಾರೆ ಕಲಸುವವರು, ಬಣ್ಣದವರು ಎಲ್ಲ ಬಂದು ನಿಂತಿದ್ದರು. ಹೆಂಡತಿ ಅಂದು ಕೆಳಗಿನ ಮಹಡಿಯಲ್ಲಿ ಸಂದು ತುಂಬುತ್ತಿದ್ದಳು.

"ಭಾವ, ಇನ್ನೊಂದ್ಸಲ ತಟ್ಟಿ ನೋಡಿ. ನಾನು ಬೆಳಿಗ್ಗೆನೇ ತಟ್ಟಿದೀನಿ, ಒಂದೂ ಟೊಳ್ಳಿಲ್ಲ," ಎಂದ ಬಾಮೈದ.

"ನನ್ನ ಕಿವಿ ಪರೀಕ್ಷೆ ಮಾಡ್ತೀಯೇನೋ?"

"ಹಾಗಲ್ಲ ಭಾವ..."

"ಹಾಗೇ! ನಾಲ್ಕು ಮೂಲೆಗೆ ನಾಲ್ಕು ಉಂಡೆ ಗಾರೆ ಇಟ್ಟು ಮೇಲೆ ಟೈಲು ಮುಚ್ಚಿದೀಯ. ಇದಕ್ಕೆ ನೆಲ ಅನ್ನಲ್ಲ, ಮುಚ್ಚಳ ಅಂತಾರೆ. ನಾಳೆ ಮಕ್ಕಳು ಓಡಾಡ್ತಾವೆ ಇಲ್ಲಿ. ಮೇಸ್ತ್ರಿ ಆಗೋ ಆತುರದಲ್ಲಿ ಕಳ್ಳ ಕೆಲ್ಸ ಮಾಡಿದೀಯ."

ಬಾಮೈದನ ಮುಖ ಕೆಂಪಾಯಿತು. ಹನ್ನೆರಡು ವರ್ಷದಲ್ಲಿ ಭಾವ ಬೈದದ್ದುಂಟು, ಕರಣೆ ಎಸೆದದ್ದೂ ಉಂಟು, ಕಳ್ಳ ಎಂದದ್ದಿಲ್ಲ. ಇಂಜಿನಿಯರ್ ಅಲ್ಲೇ ನಿಂತಿದ್ದರು.

"ಒಂದು ಕಿತ್ತು ನೋಡಿ ಭಾವ," ಎಂದ, ದನಿ ಏರಿಸದೆ.

"ಕಿತ್ತು ನೋಡೋಕೆ ನಾನೇನು ನಿನ್ನೆ ಮೊನ್ನೆ ಬಂದೋನಾ?"

ಬಾಮೈದ ತನ್ನ ಕರಣೆ, ದಾರ, ರಬ್ಬರ್ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಹೋದ.

ಹಾಕಿದವನು ಹೋದ ಮೇಲೆ ಕೀಳುವ ಕೆಲಸ ಮೇಸ್ತ್ರಿಯ ತಲೆಗೇ ಬಂತು. ಮರುದಿನ ಬೆಳಿಗ್ಗೆ ಉಳಿ ಹಿಡಿದು ಕೂತರು. ಟೊಳ್ಳು ಟೈಲಾದರೆ ಅಂಚಿಗೆ ಉಳಿ ಕೊಟ್ಟು ಎರಡೇಟು ಹಾಕಿದರೆ ಹಪ್ಪಳದಂತೆ ಇಡಿಯಾಗಿ ಏಳುತ್ತದೆ. ಇದು ಏಳಲಿಲ್ಲ. ಹತ್ತು ಏಟು, ಹದಿನೈದು ಏಟು. ಕೊನೆಗೆ ಚೂರುಚೂರಾಗಿ ಒಡೆದು ಬಂತು. ಒಂದು ಚೂರನ್ನು ಮಗುಚಿ ನೋಡಿದರು. ಹಿಂಬದಿಯ ತುಂಬ ಗಾರೆ ಕಚ್ಚಿಕೊಂಡಿತ್ತು, ಉಗುರು ತೂರಿಸಲು ಸಂದಿರಲಿಲ್ಲ.

ಒಂದು ತಪ್ಪಿರಬಹುದು ಎಂದು ಎರಡನೆಯದಕ್ಕೆ ಉಳಿ ಇಟ್ಟರು. ಅದೂ ಹಾಗೇ. ಮೂರನೆಯದು ಹಾಗೇ. ನಾಲ್ಕು, ಐದು, ಆರು. ಅಲ್ಲೊಂದು ಇಲ್ಲೊಂದು ಆರಿಸಿ ಕಿತ್ತರು. ಒಂದಾದರೂ ಟೊಳ್ಳು ಸಿಗಲಿ ದೇವರೇ ಎಂದು ಬೇಡಿಕೊಂಡರು. ಹಾಕಿದವನು ತಪ್ಪು ಮಾಡಿರಲಿ ಎಂದು ಬೇಡಿಕೊಳ್ಳುವ ಸ್ಥಿತಿ ಯಾವ ಗುರುವಿಗೂ ಬರಬಾರದು. ಏಳನೆಯದೂ ಭರ್ತಿಯಾಗಿತ್ತು. ಉಳಿ ಕೆಳಗಿಟ್ಟರು.

ಬಾಗಿಲ ಬಳಿ ಹಳೆಯ ಟೈಲ್ಸ್ ಕೆಲಸಗಾರನೊಬ್ಬ ನಿಂತಿದ್ದ, ಎಲ್ಲರೂ ದೊಡ್ಡಪ್ಪ ಎನ್ನುತ್ತಿದ್ದವನು. ಮೇಸ್ತ್ರಿ ಕೇಳಿದರು: "ನಿಂಗೆ ನಿನ್ನೆನೇ ಗೊತ್ತಿತ್ತಾ?"

"ಗೊತ್ತಿತ್ತು. ಆರು ತಿಂಗಳಿಂದ ನೀವು ಗೀಟು ಹಾಕಿದ್ರಲ್ಲಿ ಅರ್ಧಕ್ಕರ್ಧ ಪೂರ್ತಿ ತುಂಬಿರೋ ಟೈಲೇ. ನನ್ನ ಹತ್ರಾನೇ ಇಪ್ಪತ್ತು ಕೀಳ್ಸಿದೀರಿ."

"ಮತ್ತೆ ಬಾಯಿಬಿಟ್ಟು ಹೇಳ್ಬಾರ್ದಾ?"

"ನಿಮ್ಗೆ ಸೊಕ್ಕು ಬಂದಿದೆ, ಬೇಕಂತ ಕಾಡ್ತೀರಾ ಅಂದ್ಕೊಂಡಿದ್ವಿ. ಕಿವಿ ಮೇಸ್ತ್ರಿಗೆ ಕಿವಿ ಕೇಳಲ್ಲ ಅಂತ ಯಾರಿಗಾದ್ರೂ ಹೊಳಿಯತ್ತಾ?"

ದೊಡ್ಡಪ್ಪ ಹತ್ತಿರ ಬಂದು ಜೋರಾಗಿಯೇ ಹೇಳಿದ್ದರಿಂದ ಒಂದಕ್ಷರವೂ ತಪ್ಪಲಿಲ್ಲ. ಮೇಸ್ತ್ರಿ ಒಡೆದ ಟೈಲುಗಳ ನಡುವೆ ಬಹಳ ಹೊತ್ತು ಕೂತಿದ್ದರು. ಆರು ತಿಂಗಳಲ್ಲಿ ಯಾರ್ಯಾರ ಮುಂದೆ ಎಷ್ಟೆಷ್ಟು ಕೂಗಾಡಿದ್ದೆ ಎಂದು ನೆನಪಾಗುತ್ತ ಹೋಯಿತು. ಬದುಕಿನಲ್ಲಿ ಅವರಿಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಸಂಜೆ ಮನೆಯಲ್ಲಿ ಹೆಂಡತಿ ಪಾತ್ರೆಗಳನ್ನು ಕುಕ್ಕುತ್ತಿದ್ದಳು. ತಮ್ಮನಿಗಾದ ಅವಮಾನದ ಸುದ್ದಿ ಹಿಂದಿನ ದಿನವೇ ಅವಳಿಗೆ ಮುಟ್ಟಿತ್ತು, ಆಗಿನಿಂದ ಗಂಡನೊಡನೆ ಮಾತಿರಲಿಲ್ಲ.

"ನಂಗೆ ಕಿವಿ ಕೇಳಿಸಲ್ಲ ಕಣೇ," ಎಂದರು ಮೇಸ್ತ್ರಿ.

"ಗೊತ್ತು," ಎಂದಳು ಹೆಂಡತಿ, ಎಂದಿನ ಏರುದನಿಯಲ್ಲೇ.

"ಯಾವಾಗಿಂದ?"

"ಎರಡು ವರ್ಷ ಆಯ್ತು. ಪಕ್ಕದ ಮನೆಯವಳು ನನ್ನ ಗಯ್ಯಾಳಿ ಅಂತ ಬೀದಿಯೆಲ್ಲ ಸಾರ್ಕೊಂಡ್ ಬಂದಿದಾಳೆ. ದಿನಾ ಗಂಡನ ಮೇಲೆ ಕಿರುಚ್ತಾಳೆ ಅಂತೆ. ನಾನು ಊಟಕ್ಕೆ ಬನ್ನಿ ಅಂತ ಕರೀತಿದ್ದೆ, ಅಷ್ಟೆ."

"ನಂಗೆ ಹೇಳ್ಬೇಕಾಗಿತ್ತು."

"ಹೇಳ್ದೆ. ನಿಮ್ಗೆ ಕೇಳಿಸ್ಲಿಲ್ಲ."

ಮೇಸ್ತ್ರಿಗೆ ನಗು ಬಂತು. ಹೆಂಡತಿ ನಗಲಿಲ್ಲ. ಎದುರಿಗೆ ಬಂದು ಕೂತಳು, ತುಟಿ ಕಾಣುವ ಹಾಗೆ ಮುಖ ಹತ್ತಿರ ತಂದಳು.

"ನಿಮ್ಮ ಕಿವಿ ಹೋಗಿದ್ದಕ್ಕೆ ನಂಗೆ ಸಿಟ್ಟಿಲ್ಲ ರೀ. ಮಿಷನ್ ಹತ್ರ ಕೂತವರ ಕಿವಿ ಹೋಗತ್ತೆ, ಬಗ್ಗಿದವರ ಸೊಂಟ ಹೋಗತ್ತೆ. ಹೋದ ಕಿವಿ ಇಟ್ಕೊಂಡು ನನ್ನ ತಮ್ಮನ್ನ ಕಳ್ಳ ಅಂದ್ರಲ್ಲ, ಅದಕ್ಕೆ. ಅವ್ನು ಇನ್ನು ನಮ್ಮನೆ ಹೊಸ್ತಿಲು ತುಳಿಯಲ್ಲ ಅಂದಿದಾನೆ. ನಂಗಿರೋನು ಅವ್ನೊಬ್ಬ."

ಮೇಸ್ತ್ರಿ ವ್ಯಾನು ಬರುವ ದಿನದವರೆಗೆ ಕಾಯಲಿಲ್ಲ. ಡಾಕ್ಟರಮ್ಮ ಇರುವ ಕಡೆಗೇ ಹೋಗಿ, ಕಿಟಕಿ ಗಾಜಿನ ಕಥೆಯನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು. ಪರೀಕ್ಷೆಯ ಹುಡುಗಿ ಈ ಸಲ ಅವರನ್ನು ಗೋಡೆಗೆ ಮುಖ ಮಾಡಿ ಕೂರಿಸಿದಳು. ಕೈ ಎತ್ತುವ ಸಂದರ್ಭ ಹೆಚ್ಚೇನೂ ಬರಲಿಲ್ಲ.

"ಮಿಷನ್ ಸದ್ದಿನಿಂದ ಮೊದಲು ಹೋಗೋದು ಚೂಪಾದ ಸದ್ದು ಕೇಳೋ ಶಕ್ತಿ. ಮಂದವಾದ್ದು ಉಳ್ಕೊಂಡಿರತ್ತೆ," ಎಂದರು ಡಾಕ್ಟರಮ್ಮ.

ಮೇಸ್ತ್ರಿ ಮನಸ್ಸಿನಲ್ಲೇ ಒಂದು ಟೈಲು ತಟ್ಟಿ ನೋಡಿದರು. ಗಟ್ಟಿ ಟೈಲಿನ ಸದ್ದಿನಿಂದ ಆ ಚುರುಕನ್ನು ತೆಗೆದುಬಿಟ್ಟರೆ ಉಳಿಯುವುದು ಡಬ್. ಹಾಗಾದರೆ ತಮ್ಮ ಪಾಲಿಗೆ ಇನ್ನು ಲೋಕದ ನೆಲವೆಲ್ಲ ಟೊಳ್ಳೇ.

"ವಾಪಸ್ ಬರಲ್ವಾ ತಾಯಿ?"

"ಹೋಗಿದ್ದು ಬರಲ್ಲ. ಉಳಿದಿದ್ದನ್ನ ಉಳಿಸ್ಕೊಳ್ಳಿ. ಮಿಷನ್ ಓಡೋವಾಗ ಕಿವಿ ಮುಚ್ಕೊಳ್ಳಿ, ಬಚ್ಚಲುಮನೆ ಒಳಗೆ ಕತ್ತರಿಸ್ಬೇಡಿ, ಹೊರಗೆ ತನ್ನಿ. ಮಂಡಿ ಮೆತ್ತೆ ಎಲ್ಲಿ?"

ಅದು ತಲೆದಿಂಬಾಗಿದೆ ಎಂದು ಹೇಳುವ ಧೈರ್ಯ ಮೇಸ್ತ್ರಿಗೆ ಬರಲಿಲ್ಲ.

ಬಾಮೈದ ಅಷ್ಟರಲ್ಲಿ ಎರಡು ಬೀದಿಯಾಚೆ ಇನ್ನೊಂದು ಕಟ್ಟಡದಲ್ಲಿ ಕೆಲಸ ಹಿಡಿದಿದ್ದ. ಮೇಸ್ತ್ರಿ ಹೋದಾಗ ಟೈಲು ಕತ್ತರಿಸುತ್ತಿದ್ದ, ಕಿವಿಗೆ ಮುಚ್ಚಳ, ಮೈಯೆಲ್ಲ ಬಿಳಿ ಧೂಳು. ಮಿಷನ್ ನಿಲ್ಲುವವರೆಗೆ ಇವರು ಹಿಂದೆಯೇ ನಿಂತಿದ್ದು, ಅವನು ಮುಚ್ಚಳ ತೆಗೆದ ಮೇಲೆ ಎದುರಿಗೆ ಬಂದರು.

"ಏಳು ಕಿತ್ತೆ ಕಣೋ. ಏಳೂ ತುಂಬಿತ್ತು. ನನ್ನ ಕಿವಿ ಹೋಗಿದೆ. ನಿನ್ನ ಕೆಲ್ಸದಲ್ಲಿ ತಪ್ಪಿಲ್ಲ, ತಪ್ಪು ನಂದು."

ಬಾಮೈದ ಟೈಲಿನ ಅಂಚನ್ನು ಬೆರಳಿಂದ ಸವರುತ್ತ ನಿಂತ. ಆಮೇಲೆ ಮುಖವೆತ್ತಿದ. "ಕಳ್ಳ ಅಂದಿದ್ದು ಎಲ್ಲರ ಮುಂದೆ. ಇದನ್ನ ಮಾತ್ರ ಇಲ್ಲಿ ಬಂದು ಒಬ್ಬನ ಹತ್ರ ಹೇಳ್ತೀರಲ್ಲ ಭಾವ."

"ಅಲ್ಲಿ ಹೇಳಿಯೇ ಬಂದೆ. ಬೆಳಿಗ್ಗೆ ಚಹಾ ಹೊತ್ತಲ್ಲಿ, ಎಲ್ಲರ ಮುಂದೆ. ಇಂಜಿನಿಯರ್ ಮುಂದೆನೂ. ತಟ್ಟೋ ಕೆಲ್ಸ ಇನ್ನು ನಂಗೆ ಬೇಡ ಅಂತ್ಲೂ ಹೇಳ್ದೆ."

ಭಾವನಿಗೆ ಆ ಮಾತು ಎಷ್ಟು ತ್ರಾಸಾಗಿರಬಹುದು ಎಂದು ಬಾಮೈದನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ.

"ಒಡೆದ ಏಳನ್ನ ರಜೆ ದಿನ ನಾನೇ ಹಾಕ್ತೀನಿ," ಎಂದರು ಮೇಸ್ತ್ರಿ. "ಒಣಗಿದ ಮೇಲೆ ನೀನು ಬಂದು ತಟ್ಟು."

"ನೋಡೋಣ," ಎಂದು ಬಾಮೈದ ಮತ್ತೆ ಮಿಷನ್ ಶುರುಮಾಡಿದ.

ರಜೆಯ ದಿನ ಮೇಸ್ತ್ರಿ ಒಬ್ಬರೇ ಕಾರಿಡಾರಿನಲ್ಲಿ ಕೂತು ಏಳು ಟೈಲು ಹಾಕಿದರು. ಮಂಡಿಗೆ ಮೆತ್ತೆ ಕಟ್ಟಿಕೊಂಡಿದ್ದರು. ನಾಲ್ಕು ವರ್ಷದಿಂದ ತಟ್ಟುವುದೇ ಹೆಚ್ಚು, ಹಾಕುವುದು ಕಡಿಮೆಯಾಗಿತ್ತು. ಟೈಲು ಕೂರಿಸುವಾಗಲೂ ರಬ್ಬರ್ ಸುತ್ತಿಗೆಯ ಏಟಿನ ಸದ್ದು ಬದಲಾಗುವುದನ್ನು ಕೇಳಿಯೇ ಸಾಕೋ ಬೇಕೋ ಎಂದು ತಿಳಿಯಬೇಕು. ಅವರಿಗೆ ಎಲ್ಲ ಏಟೂ ಒಂದೇ ಸಮ ಕೇಳಿತು. ಅಂದಾಜಿನಲ್ಲಿ ಕೂರಿಸಿದರು.

ಎರಡು ದಿನ ಬಿಟ್ಟು ಸಂಜೆ ಕೆಲಸ ಮುಗಿದ ಮೇಲೆ ಬಾಮೈದ ಬಂದ. ಅಕ್ಕನೂ ಜೊತೆಗಿದ್ದಳು. ಅವನು ಕೂತು ತಟ್ಟತೊಡಗಿದ. ಮೇಸ್ತ್ರಿ ಗೋಡೆಗೊರಗಿ ನಿಂತರು. ಎರಡು ದಾಟಿತು. ಮೂರನೆಯದರ ಒಂದು ಮೂಲೆಗೆ ಬಂದಾಗ ಕೈ ಒಂದು ಗಳಿಗೆ ನಿಂತಿತು. ಮತ್ತೊಮ್ಮೆ ತಟ್ಟಿದ. ಅಕ್ಕನ ಮುಖ ನೋಡಿದ. ಅಕ್ಕ ಕಣ್ಣು ಕೆಳಗೆ ಮಾಡಿದಳು. ಅವನು ಮುಂದಕ್ಕೆ ಸರಿದ, ಏಳನ್ನೂ ಮುಗಿಸಿ ಎದ್ದ.

"ಎಲ್ಲ ಗಟ್ಟಿ ಇದೆ ಭಾವ," ಎಂದ ಜೋರಾಗಿ, ನಗುತ್ತ.

ಮೇಸ್ತ್ರಿಗೆ ಸದ್ದಿನ ವ್ಯತ್ಯಾಸ ಕೇಳಿರಲಿಲ್ಲ. ಆದರೆ ಎರಡು ವರ್ಷ ಮುಖ ಓದಿಯೇ ಬದುಕಿದವರಿಗೆ ಆ ನೋಟ ತಪ್ಪುತ್ತದೆಯೇ? ಎಲ್ಲರ ಮುಂದೆ ತಲೆ ತಗ್ಗಿಸಿದಾಗಲೂ ಇಷ್ಟು ನೋವಾಗಿರಲಿಲ್ಲ. ಇನ್ನು ಮುಂದೆ ಇವರೆಲ್ಲ ತಮಗೆ ಹೀಗೇ ನಗುತ್ತ ಸುಳ್ಳು ಹೇಳುತ್ತಾರೆ, ಸಾಯುವ ಮುದುಕನ ಹತ್ತಿರ ಹೇಳಿದ ಹಾಗೆ.

ಅವರು ಉಳಿ ತೆಗೆದುಕೊಂಡು ಮೂರನೆಯ ಟೈಲಿನ ಬಳಿ ಕೂತರು.

"ಭಾವ, ಬೇಡ..."

ಎರಡೇ ಏಟು. ಟೈಲು ಇಡಿಯಾಗಿ ಎದ್ದು ಬಂತು. ಕೆಳಗೆ ಅಂಗೈಯಗಲ ಖಾಲಿ. ಇಪ್ಪತ್ತಾರು ವರ್ಷದಲ್ಲಿ ಅವರು ಹಾಕಿದ ಟೈಲನ್ನು ಕೀಳಬೇಕಾಗಿ ಬಂದದ್ದು ಇದೇ ಮೊದಲು. ಅದನ್ನು ಎತ್ತಿ ಬಾಮೈದನ ಕಾಲ ಬಳಿ ಇಟ್ಟರು.

"ನಾನು ತುಂಬಿದ್ದನ್ನ ಟೊಳ್ಳು ಅಂದೆ, ಗೊತ್ತಿಲ್ದೆ ಅಂದೆ. ನೀನು ಟೊಳ್ಳನ್ನ ತುಂಬಿದೆ ಅಂದೆ, ಗೊತ್ತಿದ್ದೂ ಅಂದೆ. ನಿಮ್ಮಕ್ಕನೂ ಸುಮ್ನಿದ್ಲು." ಉಳಿಯನ್ನು ಪಕ್ಕಕ್ಕಿಟ್ಟರು. "ಕಿವಿ ಹೋದ್ರೆ ಹೋಗ್ಲಿ ಕಣೋ, ಹೇಗೋ ಬದುಕ್ತೀನಿ. ನೀವಿಬ್ರೂ ನಿಜ ಹೇಳೋದು ಬಿಟ್ರೆ ನಾನು ಯಾರನ್ನ ನಂಬ್ಕೊಂಡು ಕರಣೆ ಹಿಡೀಲಿ?"

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬಾಮೈದ ಭಾವನ ಎದುರಿಗೆ ಬಂದು, ಬಾಯಿ ಕಾಣುವ ಹಾಗೆ ಕೂತ.

"ಆರನೇದೂ ಟೊಳ್ಳು, ಭಾವ."

"ಏನಂದೆ?"

"ಆರನೇದೂ ಟೊಳ್ಳು ಅಂದೆ! ಮೂಲೆ ಅಲ್ಲ, ನಡುಮಧ್ಯ. ಮೂರನೇದಕ್ಕಿಂತ ದರಿದ್ರವಾಗಿದೆ. ನಾನು ಹೀಗೆ ಹಾಕಿದ್ದಿದ್ರೆ ನೀವು ಕರಣೆ ತಗೊಂಡು ತಲೆಗೆ ಎಸೀತಿದ್ರಿ."

ಮೇಸ್ತ್ರಿ ಆರನೆಯ ಟೈಲನ್ನು ನೋಡಿದರು, ಬಾಮೈದನನ್ನು ನೋಡಿದರು. ಅವರಿಗೆ ವಿಪರೀತ ಸಿಟ್ಟು ಬಂತು. ಅದು ತಮ್ಮದೇ ಕೆಟ್ಟ ಕೆಲಸದ ಮೇಲೆ ಬಂದ ಸಿಟ್ಟು, ಕೆಲಸ ಬಲ್ಲವನಿಗೆ ಬರಬೇಕಾದ ಸಿಟ್ಟು. ಆರು ತಿಂಗಳಿಂದ ಅವರಿಗೆ ಬರುತ್ತಿದ್ದದ್ದು ಅದಲ್ಲವೇ ಅಲ್ಲ.

"ಸರೀ," ಎಂದು ಅವರು ಮಂಡಿಯ ಮೆತ್ತೆ ಬಿಗಿ ಮಾಡಿಕೊಂಡು ಆರನೆಯದರ ಕಡೆಗೆ ಸರಿದರು. "ನೀನು ಗಾರೆ ಕಲ್ಸೋ." ಹೆಂಡತಿಯ ಕಡೆ ತಿರುಗಿದರು. "ಲೇ, ನೀನು ಇಲ್ಲೇ ಕೂತ್ಕೋ. ನಾನು ಹೊಡೀತಾ ಹೋಗ್ತೀನಿ, ಸದ್ದು ಸರಿಯಾದ ಕೂಡ್ಲೆ ಸಾಕು ಅನ್ನು. ಜೋರಾಗಿ ಅನ್ನು, ಪಕ್ಕದ ಮನೆಯವಳಿಗೂ ಕೇಳಿಸ್ಲಿ."